ಮರದ ಮೇಲೆ ಬಸವನಹುಳು ತಿನ್ನುವ ಹಾವು ಯಾವುದು? ಅಡಿಕೆ ತೋಟಕ್ಕೆ ತಂದು ಬಿಡಬಹುದಾ?

ನಿಮ್ಮ ಪ್ರಶ್ನೆ ಇದು: ಮರದ ಮೇಲಿದ್ದು ಬಸವನಹುಳು ತಿಂದೇ ಬದುಕುವ ಹಾವು ಇದೆಯಂತೆ, ಅದು ಯಾವ ಕುಟುಂಬದ್ದು, ವಿಷ ಇದೆಯಾ, ಆಫ್ರಿಕನ್ ಬಸವನಹುಳು ಕಾಟ ಇರುವ ನಮ್ಮ ಅಡಿಕೆ ತೋಟಕ್ಕೆ ತಂದು ಬಿಟ್ಟರೆ ಹೇಗೆ?

ಅಂಥ ಹಾವು ಇದೆ. ಒಂದಲ್ಲ, ಹತ್ತಾರು ಜಾತಿಗಳಿವೆ. ಆದರೆ ತೋಟಕ್ಕೆ ತರುವ ಯೋಚನೆ ದಯವಿಟ್ಟು ಬಿಡಿ. ಯಾಕೆ ಅಂತ ಹೇಳ್ತೀನಿ.

ಮೊದಲು ಕುಟುಂಬದ ವಿಷಯ. ಈ ಹಾವುಗಳಲ್ಲಿ ಎರಡು ದೊಡ್ಡ ಗುಂಪು. ಏಷ್ಯಾದಲ್ಲಿರುವವು ಪರೇಯಿಡೇ ಕುಟುಂಬದವು. ಪರೇಯಾಸ್, ಅಪ್ಲೊಪೆಲ್ಟುರಾ ಎಲ್ಲ ಅದರಲ್ಲಿ ಬರುತ್ತವೆ. ಮೆಕ್ಸಿಕೋದಿಂದ ಅರ್ಜೆಂಟೀನಾವರೆಗೆ ಇರುವವು ಡಿಪ್ಸಾಸ್, ಸಿಬಾನ್ ಮುಂತಾದ ಕುಲದವು. ನೋಡಲು ಎರಡೂ ಗುಂಪು ಒಂದೇ ಥರ. ಪಕ್ಕದಿಂದ ಒತ್ತಿದಂತಿರುವ ತೆಳು ಮೈ, ಮೊಂಡು ತಲೆ, ದೊಡ್ಡ ಕಣ್ಣು. ಬೇರೆ ಹಾವುಗಳ ಗದ್ದದ ಕೆಳಗೆ ಉದ್ದಕ್ಕೊಂದು ಗೀರು ಇರುತ್ತದೆ, ದೊಡ್ಡ ಬೇಟೆ ನುಂಗುವಾಗ ಚರ್ಮ ಅಲ್ಲಿ ಹಿಗ್ಗುತ್ತದೆ. ಇವುಗಳಲ್ಲಿ ಸಾಮಾನ್ಯವಾಗಿ ಆ ಗೀರೇ ಇಲ್ಲ. ಈ ಹೋಲಿಕೆ ನೋಡಿಯೇ 1896ರಲ್ಲಿ ಪ್ರಾಣಿಶಾಸ್ತ್ರಜ್ಞ ಬೌಲೆಂಜರ್ ಎರಡನ್ನೂ ಒಂದೇ ಕುಟುಂಬಕ್ಕೆ ಸೇರಿಸಿದ್ದರು. ಆಮೇಲೆ ಬೇರೆ ಮಾಡಿದರು, ಡಿಎನ್‌ಎ ಕೂಡ ಅದನ್ನೇ ಹೇಳುತ್ತದೆ. ಸಾಗರದ ಆಚೆ ಈಚೆ, ಬೇರೆ ಬೇರೆ ಮೂಲದ ಹಾವುಗಳು ಒಂದೇ ಊಟಕ್ಕೆ ಹೊಂದಿಕೊಂಡು ಒಂದೇ ರೂಪಕ್ಕೆ ಬಂದಿವೆ.

ನನಗೆ ಇವುಗಳಲ್ಲಿ ಅತ್ಯಂತ ಇಷ್ಟ ಜಪಾನಿನ ಪರೇಯಾಸ್ ಇವಾಸಾಕೈ. ಇಶಿಗಾಕಿ ಮತ್ತು ಇರಿಯೊಮೊಟೆ ದ್ವೀಪಗಳಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ರಾತ್ರಿ ಬೇಟೆಯಾಡುತ್ತದೆ. ಚಿಪ್ಪು ಒಡೆಯುವುದಿಲ್ಲ. ಹುಳುವಿನ ಮೈ ಕಚ್ಚಿ, ಕೆಳದವಡೆಯನ್ನು ಚಿಪ್ಪಿನೊಳಕ್ಕೆ ತೂರಿಸಿ, ಅದರ ಎಡಭಾಗ, ಬಲಭಾಗಗಳನ್ನು ಸರದಿಯಂತೆ ಹಿಂದಕ್ಕೆಳೆದು ಹುಳುವನ್ನು ಹೊರಗೆ ತೆಗೆಯುತ್ತದೆ. ಚಿಪ್ಪು ಖಾಲಿಯಾಗಿ ಕೆಳಗೆ ಬೀಳುತ್ತದೆ.

ಜಪಾನಿನ ಸಂಶೋಧಕ ಮಸಾಕಿ ಹೊಸೊ ಮತ್ತು ಜೊತೆಗಾರರು 2007ರಲ್ಲಿ ಪ್ರಕಟಿಸಿದ ಸಂಗತಿ ಇನ್ನೂ ಚೆನ್ನಾಗಿದೆ. ಈ ಹಾವಿನ ಕೆಳದವಡೆಯ ಬಲಭಾಗದಲ್ಲಿ ಸರಾಸರಿ 25ರಷ್ಟು ಹಲ್ಲು, ಎಡಭಾಗದಲ್ಲಿ 18ರ ಹತ್ತಿರ. ಬಹುಪಾಲು ಬಸವನಹುಳುಗಳ ಚಿಪ್ಪು ಬಲಕ್ಕೆ ಸುತ್ತಿರುತ್ತದೆ, ಅದಕ್ಕೆ ತಕ್ಕ ದವಡೆ ಇದು. ಎಡಕ್ಕೆ ಸುತ್ತಿದ ಹುಳು ಸಿಕ್ಕರೆ ಹಾವು ತಡವರಿಸುತ್ತದೆ, ಹುಳು ಎಷ್ಟೋ ಸಲ ಬಚಾವಾಗುತ್ತದೆ. ಎಡಸುತ್ತಿನ ಹುಳುವಿಗೆ ಬಲಸುತ್ತಿನದರ ಜೊತೆ ಕೂಡುವುದು ಕಷ್ಟ, ಸಂಗಾತಿ ಸಿಗುವುದು ಅಪರೂಪ. ಆದರೂ ಈ ಹಾವುಗಳಿರುವ ಕಡೆ ಎಡಸುತ್ತಿನ ಹುಳುಗಳು ಉಳಿದು ಹೊಸ ಜಾತಿಗಳಾಗಿವೆ. ಒಂದು ಹಾವಿನ ಹಲ್ಲು ಇನ್ನೊಂದು ಜೀವಿಯ ವಂಶವನ್ನೇ ತಿರುಗಿಸುತ್ತದೆ ಅಂದರೆ ಸಣ್ಣ ವಿಷಯ ಅಲ್ಲ ಅಲ್ವಾ?

ಆಗ್ನೇಯ ಏಷ್ಯಾದ ಅಪ್ಲೊಪೆಲ್ಟುರಾ ಬೋವಾ ಇನ್ನೊಂದು ದಾರಿ ಹಿಡಿದಿದೆ. ಕೆಲವು ಬಸವನಹುಳುಗಳು ಒಳಗೆ ಸೇರಿಕೊಂಡು ಗಟ್ಟಿ ಮುಚ್ಚಳ ಹಾಕಿಕೊಳ್ಳುತ್ತವೆ. ಈ ಹಾವು ದವಡೆಯನ್ನು ಗರಗಸದಂತೆ ಆಡಿಸಿ ಮುಚ್ಚಳವನ್ನು ಕೊಯ್ದು ಬೀಳಿಸಿ, ಮೈಯನ್ನಷ್ಟೇ ತಿನ್ನುತ್ತದೆ.

ವಿಷದ ಬಗ್ಗೆ ಮನುಷ್ಯರಿಗೆ ಹೆದರಿಕೆ ಬೇಡ. ಅಮೆರಿಕದವುಗಳ ಕೆಳತುಟಿಯ ಗ್ರಂಥಿಯಲ್ಲಿ ಒಂದು ರಸ ಬರುತ್ತದೆ, ಅದು ಲೋಳೆಮೈಯ ಬೇಟೆಯನ್ನು ಸಂಭಾಳಿಸುವುದಕ್ಕೆ. ಹೆದರಿಸಿದರೆ ಕೆಲವು ಡಿಪ್ಸಾಸ್‌ಗಳು ತಲೆ ಚಪ್ಪಟೆ ಮಾಡಿ ಮಂಡಲದ ಹಾವಿನ ಥರ ಕಾಣಿಸಿಕೊಳ್ಳುತ್ತವೆ, ಅಷ್ಟೇ.

ಭಾರತದಲ್ಲಿ? ಅಸ್ಸಾಂ, ಅರುಣಾಚಲ, ಮೇಘಾಲಯದ ಕಡೆ ಪರೇಯಾಸ್ ಮಾಂಟಿಕೋಲಾ ಇದೆ. ಪಶ್ಚಿಮ ಘಟ್ಟದಲ್ಲಿ ಇದೇ ಕುಟುಂಬದ ಕ್ಸೈಲೋಫಿಸ್ ಇದೆ. ಆದರೆ ಅದು ಮರ ಹತ್ತುವುದಿಲ್ಲ. ಮಣ್ಣೊಳಗಿದ್ದು ಎರೆಹುಳು ತಿನ್ನುತ್ತದೆ. ಅದೂ ಪರೇಯಿಡೇ ಬಳಗವೇ ಎಂದು 2018ರಲ್ಲಿ ಸಂಶೋಧಕರಾದ ವಿ. ದೀಪಕ್, ಸಾರಾ ರುವಾನ್, ಡೇವಿಡ್ ಗೋವರ್ ತೋರಿಸಿಕೊಟ್ಟರು.

ಇನ್ನು ನಿಮ್ಮ ತೋಟ. ಪರೇಯಾಸ್ ಬೆರಳಿಗಿಂತ ದಪ್ಪವಿರದ ಹಾವು. ಕೈಯಗಲದ ಆಫ್ರಿಕನ್ ಬಸವನಹುಳುವಿನ ಮುಂದೆ ಅದರ ಬಾಯಿ ಏನೂ ಸಾಲದು. ಅದು ಹೋಗಿ ನಮ್ಮ ಕಾಡಿನ ಪುಟ್ಟ ಬಸವನಹುಳುಗಳ ಮೇಲೆ ಬೀಳುತ್ತದೆ. ಇದು ಸುಮ್ನೆ ಹೇಳುವ ಮಾತಲ್ಲ. ಇದೇ ಆಫ್ರಿಕನ್ ಹುಳು ಹತೋಟಿಗೆ ಅಂತ 1955ರಲ್ಲಿ ಹವಾಯಿಗೆ, 1977ರಲ್ಲಿ ಪೆಸಿಫಿಕ್ ಸಾಗರದ ಮೂರಿಯಾ ದ್ವೀಪಕ್ಕೆ ಯೂಗ್ಲಾಂಡಿನಾ ಎಂಬ ಬೇಟೆಗಾರ ಬಸವನಹುಳುವನ್ನು ತಂದು ಬಿಟ್ಟರು. ಆಫ್ರಿಕನ್ ಹುಳು ಹೋಗಲಿಲ್ಲ. ಮೂರಿಯಾದ ಕಾಡಿನಲ್ಲಿ ಅಲ್ಲಿನದೇ ಆದ ಪಾರ್ಟುಲಾ ಬಸವನಹುಳುಗಳು ಕೆಲವೇ ವರ್ಷಗಳಲ್ಲಿ ಬಹುತೇಕ ಇಲ್ಲವಾದವು.

ಹಾವಿನ ಬದಲು ಹೀಗೆ ಮಾಡಿ. ಮಳೆ ಶುರುವಾಗುತ್ತಿದ್ದಂತೆ ಸಂಜೆ ಒದ್ದೆ ಗೋಣಿಚೀಲ ಹಾಸಿ, ಅದರಡಿ ಪಪ್ಪಾಯಿ ಎಲೆ ಇಡಿ. ಬೆಳಿಗ್ಗೆ ಚೀಲದ ಕೆಳಗೆ ಸೇರಿದ ಹುಳುಗಳನ್ನು ಕೈಗವಸು ಹಾಕಿಕೊಂಡು ಆರಿಸಿ ಉಪ್ಪುನೀರಿಗೆ ಹಾಕಿ. ಅಕ್ಕಪಕ್ಕದ ತೋಟದವರೂ ಒಟ್ಟಿಗೆ ಮಾಡಿದರೆ ಮಾತ್ರ ಹತೋಟಿಗೆ ಬರುತ್ತದೆ.