ಕಲಬುರಗಿಯಲ್ಲಿ ಮೆಕ್ಯಾನಿಕಲ್ ಬಿಇ ಓದಿ ಅಣುಶಕ್ತಿ ಕ್ಷೇತ್ರಕ್ಕೆ ಹೋಗಲು ಎಂಟೆಕ್ ಕಡ್ಡಾಯವೇ?

ಕಡ್ಡಾಯವಲ್ಲ. ಮುಂಬೈನ ಬಾರ್ಕ್ (ಭಾಭಾ ಅಣು ಸಂಶೋಧನಾ ಕೇಂದ್ರ) ಬಿಇ ಮುಗಿಸಿದವರನ್ನೇ ಒಂದು ವರ್ಷದ ಓಸಿಇಎಸ್ ತರಬೇತಿಗೆ ತೆಗೆದುಕೊಳ್ಳುತ್ತದೆ. ರಿಯಾಕ್ಟರ್ ಭೌತಶಾಸ್ತ್ರ, ವಿಕಿರಣ ಸುರಕ್ಷತೆ ಎಲ್ಲ ಅಲ್ಲೇ ಕಲಿಸುತ್ತಾರೆ. ಪಾಸಾದವರು ಸೈಂಟಿಫಿಕ್ ಆಫೀಸರ್ ಆಗುತ್ತಾರೆ. ಎಂಟೆಕ್ ಬೇಕೇ ಬೇಕೆಂದರೆ ಡಿಜಿಎಫ್‌ಎಸ್ ನೋಡಿ: 2 ವರ್ಷ ಐಐಟಿಯಂಥ ಸಂಸ್ಥೆಯಲ್ಲಿ ಓದು, ಖರ್ಚು ಅಣುಶಕ್ತಿ ಇಲಾಖೆಯದು.

ಬಹಳ ಜನ ಎಡವುವುದು ಅರ್ಜಿಗೆ ಬೇಕಾದ ಕನಿಷ್ಠ ಶೇ 60 ಅಂಕದ ಲೆಕ್ಕದಲ್ಲಿ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) 2018ರ ಸ್ಕೀಮಿನಲ್ಲಿ ಸಿಜಿಪಿಎಯಿಂದ 0.75 ಕಳೆದು 10ರಿಂದ ಗುಣಿಸಬೇಕು. ಅಂದರೆ 6.5 ಇದ್ದವರದು ಶೇ 57.5 ಅಷ್ಟೇ, ಅರ್ಜಿಯೇ ತಿರಸ್ಕೃತ. ನಿಮ್ಮ ಸ್ಕೀಮಿನ ಸೂತ್ರವನ್ನು ಅಂಕಪಟ್ಟಿಯಲ್ಲಿ ನೋಡಿಕೊಳ್ಳಿ.

ಬಾರ್ಕ್‌ನ ಆನ್‌ಲೈನ್ ಪರೀಕ್ಷೆ ಅಥವಾ ಗೇಟ್ (ಎಂಜಿನಿಯರಿಂಗ್ ಪದವೀಧರರ ರಾಷ್ಟ್ರಮಟ್ಟದ ಪರೀಕ್ಷೆ) ಅಂಕ ಸಂದರ್ಶನದ ಬಾಗಿಲವರೆಗೆ ಮಾತ್ರ. ಅಂತಿಮ ಆಯ್ಕೆ ಸಂದರ್ಶನದ ಮೇಲೆಯೇ. ಥರ್ಮೋಡೈನಮಿಕ್ಸ್, ಹೀಟ್ ಟ್ರಾನ್ಸ್‌ಫರ್, ಫ್ಲುಯಿಡ್ಸ್ ಬುಡದಿಂದ ಗಟ್ಟಿ ಮಾಡಿ. ಸೂತ್ರ ಒಪ್ಪಿಸಿದರೆ ಸಾಲದು, ಅದು ಯಾವಾಗ ಅನ್ವಯಿಸುವುದಿಲ್ಲ ಎಂದೂ ಕೇಳುತ್ತಾರೆ.

ಕೈಗಾ ಅಣುವಿದ್ಯುತ್ ಸ್ಥಾವರ ನಡೆಸುವ ಸರ್ಕಾರಿ ಕಂಪನಿ ಎನ್‌ಪಿಸಿಐಎಲ್ ಕೂಡ ಗೇಟ್ ಮೂಲಕ ಟ್ರೈನಿಗಳನ್ನು ಆರಿಸುತ್ತದೆ. ಗೇಟ್ ಪೇಪರ್ ನಿಮ್ಮ ಬ್ರಾಂಚಿನದೇ ಇರಲಿ. ಅಂದಹಾಗೆ, ಯುರೇನಿಯಂ ನಿಕ್ಷೇಪ ಪಕ್ಕದ ಯಾದಗಿರಿ ಜಿಲ್ಲೆಯ ಗೋಗಿಯಲ್ಲೂ ಇದೆ. ಆದರೆ ನಿಕ್ಷೇಪ ಹುಡುಕುವುದು ಭೂವಿಜ್ಞಾನ ಓದಿದವರ ಕೆಲಸ, ದಾರಿ ಬೇರೆ.