ಅತಿಥಿ ಶಿಕ್ಷಕಿಗೆ ಓದು ಕಲಿಸುವ ತರಬೇತಿ ಎಲ್ಲಿ ಸಿಗುತ್ತದೆ?

ಬಿ.ಎಡ್. ಮುಗಿಸಿ ಗುರುಮಠಕಲ್ ಕಡೆಯ ಲಂಬಾಣಿ ತಾಂಡಾ ಶಾಲೆಗೆ ಅತಿಥಿ ಶಿಕ್ಷಕಿಯಾಗಿ ಸೇರಿದ್ದೀರಿ. ಬಂದ ಕೂಡಲೇ ನಲಿ-ಕಲಿ ತರಗತಿ (ಒಂದರಿಂದ ಮೂರನೇ ತರಗತಿ ಮಕ್ಕಳನ್ನು ಒಟ್ಟಿಗೆ ಕೂರಿಸಿ ಚಟುವಟಿಕೆಗಳ ಮೂಲಕ ಕಲಿಸುವ ಪದ್ಧತಿ) ಕೊಟ್ಟಿದ್ದಾರೆ, ಓದು ಕಲಿಸಲು ಯಾವ ತರಬೇತಿ ತಗೊಳ್ಳಲಿ ಅಂತ ಕೇಳಿದ್ದೀರಿ. ನಾನೂ ಯಾದಗಿರಿ ಜಿಲ್ಲೆಯಲ್ಲೇ ನಲಿ-ಕಲಿ ಮಾಸ್ತರು.

ಇಲಾಖೆಯ ತರಬೇತಿಗೆ ಅತಿಥಿ ಶಿಕ್ಷಕರನ್ನು ಕರೆಯುವುದು ಕಡಿಮೆ. ಸರ್ಕಾರದ ದೀಕ್ಷಾ ಆ್ಯಪ್‌ನಲ್ಲಿ ಶಿಕ್ಷಕರಿಗಾಗಿ ಇರುವ ನಿಷ್ಠಾ ಕೋರ್ಸ್‌ಗಳಿವೆ, ನೋಡಿ. ಆದರೆ ವಿಡಿಯೊ ಓಡಲು ಬಿಟ್ಟು ಸರ್ಟಿಫಿಕೇಟ್ ತಗೊಂಡರೆ ಏನೂ ಬರುವುದಿಲ್ಲ. (ಹಾಗೆ ಮಾಡುವವರೇ ಜಾಸ್ತಿ ಅಲ್ವಾ!)

ಅದಕ್ಕಿಂತ ನಿಮ್ಮ ಸಿಆರ್‌ಪಿಯವರನ್ನು (ಸುತ್ತಲಿನ ಶಾಲೆಗಳ ಗುಂಪಾದ ಕ್ಲಸ್ಟರ್‌ನ ಸಂಪನ್ಮೂಲ ವ್ಯಕ್ತಿ) ಕೇಳಿ, ಕ್ಲಸ್ಟರ್‌ನಲ್ಲಿ ನಲಿ-ಕಲಿ ಚೆನ್ನಾಗಿ ನಡೆಸುವ ಅಕ್ಕೋರು ಯಾರು ಅಂತ. ಹೆಡ್‌ಮಾಸ್ತರಿಗೆ ಹೇಳಿ, ಆ ಅಕ್ಕೋರ ತರಗತಿಯಲ್ಲಿ ಒಂದು ದಿನ ಪೂರ್ತಿ ಕೂತು ಬನ್ನಿ. ಐದು ತಟ್ಟೆಗಳ (ಮಕ್ಕಳು ಕೂರುವ ಐದು ಗುಂಪುಗಳ) ವಿಚಾರ ಕೈಪಿಡಿಯಲ್ಲಿ ಓದಿದರೆ ತಲೆ ಕೆಡುತ್ತದೆ. ಎದುರಿಗೆ ನೋಡಿದರೆ ಸಲೀಸು. ಶಿಕ್ಷಕರ ಪೂರ್ಣ ಬೆಂಬಲದ ತಟ್ಟೆಯಲ್ಲಿ ಅವರು ಕೂತಿರುವಾಗ ಉಳಿದ ನಾಲ್ಕು ತಟ್ಟೆಯ ಮಕ್ಕಳು ಏನು ಮಾಡುತ್ತಿರುತ್ತಾರೆ, ಅದನ್ನೇ ಗಮನಿಸಿ. ಆಮೇಲೆ ಆ ಅಕ್ಕೋರನ್ನು ನಿಮ್ಮ ತರಗತಿಗೆ ಕರೆದು ಹಿಂದೆ ಕೂರಿಸಿ. ನಾನು ಕಂಡಂತೆ ಇದಕ್ಕಿಂತ ಒಳ್ಳೆಯ ತರಬೇತಿ ಇಲ್ಲ.

ನಲಿ-ಕಲಿ 1995ರಲ್ಲಿ ಹೆಗ್ಗಡದೇವನಕೋಟೆ ಕಡೆ ಶುರುವಾದದ್ದು. ಇದರಲ್ಲಿ ಅ, ಆ, ಇ, ಈ ಕ್ರಮ ಇಲ್ಲ. ಮೊದಲು ರ, ಗ, ಸ, ದ, ಅ. ಈ ಐದರಲ್ಲೇ ಅರಸ, ಅಗಸ, ದಸರ, ಗರಗಸ ಎಲ್ಲ ಓದಬಹುದು. 'ಅಕ್ಕೋರ, ಹುಡುಗಗ ಇನ್ನಾ ಅ ಆ ಇ ಈನೇ ಬರಂಗಿಲ್ಲಲ್ರಿ' ಅಂತ ಪಾಲಕರು ಬಂದೇ ಬರುತ್ತಾರೆ. ಮಗುವಿನ ಕೈಯಲ್ಲಿ ಅವರೆದುರೇ 'ಅರಸ' ಓದಿಸಿ. ತಾಂಡಾದ ಮಗುವಿಗೆ ಇನ್ನೊಂದು ಕಷ್ಟ ಇದೆ. ಗರಗಸ ಅಂತ ಓದುತ್ತದೆ, ಅದೇನು ಅಂತ ಗೊತ್ತಿರುವುದಿಲ್ಲ. ಚಿತ್ರ ತೋರಿಸಿ, ಮೊದಲು ಮನೆಮಾತು ಲಂಬಾಣಿಯಲ್ಲೇ ಮಾತಾಡಲಿ.

ಪಾಠವನ್ನು ಗಡಗಡ ಓದುವ ಮಗುವನ್ನು ಸುಮ್ನೆ ನಂಬಬೇಡಿ. ಚಿತ್ರ ಮುಚ್ಚಿ, ನಡುವಿನ ಒಂದು ಪದದ ಮೇಲೆ ಬೆರಳಿಡಿ. ಮಗು ಮೊದಲ ಸಾಲಿನಿಂದ ಗುನುಗಿಕೊಂಡು ಅಲ್ಲಿಗೆ ಬಂದರೆ ಅದು ಬಾಯಿಪಾಠ. 'ಸರ', 'ರಸ' ಎರಡನ್ನೂ ಬರೆದು ಕೇಳಿ, ತಿಳಿದುಹೋಗುತ್ತದೆ. ಕೇಂದ್ರ ಸರ್ಕಾರದ ಓದು-ಲೆಕ್ಕದ ಯೋಜನೆ ನಿಪುಣ್ ಭಾರತ್ ಪ್ರಕಾರ ಮೂರನೇ ತರಗತಿಗೆ ನಿಮಿಷಕ್ಕೆ 60 ಪದ ಓದಬೇಕು. ಅದು ಆಮೇಲಿನ ಮಾತು. ಒತ್ತಕ್ಷರದಲ್ಲಿ ಸಿಕ್ಕಿಕೊಂಡ ಮಗುವಿಗೆ ಮೊದಲು ಅಕ್ಕ, ಎತ್ತು ಕೊಡಿ. ಹಸ್ತ, ಪುಸ್ತಕ ನಂತರ.

ದೀಪಾವಳಿ ಆದಮೇಲೆ ಕೆಲವು ಮಕ್ಕಳು ದುಡಿಯಲು ಹೋಗುವ ತಂದೆತಾಯಿ ಜೊತೆ ಮುಂಬೈ, ಪುಣೆಗೆ ಹೋಗುತ್ತಾರೆ. ವಾಪಸ್ ಬಂದಾಗ ಬಿಟ್ಟ ಮೆಟ್ಟಿಲಿಗಿಂತ (ಕಲಿಕೆಯ ಹಂತಕ್ಕಿಂತ) ಒಂದೆರಡು ಕೆಳಗಿಂದ ಶುರುಮಾಡಿ. ಯಾವ ಮಗು ಎಲ್ಲಿ ನಿಂತಿದೆ ಅಂತ ಪ್ರಗತಿ ನೋಟದಲ್ಲಿ (ಮಕ್ಕಳ ಕಲಿಕೆ ದಾಖಲಿಸುವ ಪಟ್ಟಿ) ಬರೆದಿಡಿ. ಮುಂದಿನ ವರ್ಷ ನಿಮ್ಮನ್ನೇ ಅಲ್ಲಿಗೆ ತಗೊಳ್ಳುತ್ತಾರೆ ಅನ್ನುವ ಖಾತ್ರಿ ಇಲ್ಲವಲ್ಲ, ನಿಮ್ಮ ಜಾಗಕ್ಕೆ ಬರುವವರಿಗೆ ಅದು ಬೇಕಾಗುತ್ತದೆ.