ಬಿಲ್ಲೆ ಮೇಲಿನ ಹೆಸರು ಬೇರೆ, ಜೀನು ಮಾಡಿದವರು ಬೇರೆ

ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಕುದುರೆ ಜೀನಿನ ಫೋಟೊ ಕಳಿಸಿ ‘ಇದು ಒರಿಜಿನಲ್ಲಾ ಸರ್?’ ಅಂತ ಕೇಳುವ ಪತ್ರಗಳು ನಿಲ್ಲುವ ಹಾಗೆ ಕಾಣುತ್ತಿಲ್ಲ. ಫೋಟೊ ಯಾವಾಗಲೂ ಒಂದೇ ಥರ. ಮೇಲಿನಿಂದ ತೆಗೆದದ್ದು, ಹಿತ್ತಾಳೆ ಬಿಲ್ಲೆ ಮಾತ್ರ ಫಳಫಳ ಹೊಳೆಯುತ್ತಿರುತ್ತದೆ. ಅಷ್ಟರಿಂದ ಯಾರೂ ಏನೂ ಹೇಳಲಾರರು. ಈ ಸಲ ಜಾಗವನ್ನೆಲ್ಲ ಹೆಚ್ಚುಕಮ್ಮಿ ಆ ಪ್ರಶ್ನೆಗೇ ಕೊಟ್ಟಿದ್ದೇನೆ.

ಧಾರವಾಡ ಸಪ್ತಾಪುರದಿಂದ: ಸರ್, ಬಳಸಿದ ಇಂಗ್ಲಿಷ್ ಶೈಲಿಯ ಜೀನು ಒಂದು ಹುಬ್ಬಳ್ಳಿಯಲ್ಲಿ ಮಾರಾಟಕ್ಕಿದೆ. ಬಿಲ್ಲೆ ಮೇಲೆ ಇಂಗ್ಲೆಂಡಿನ ಅಂಗಡಿಯ ಹೆಸರಿದೆ. ಮಾರುವವರು ‘ಪಕ್ಕಾ ಇಂಗ್ಲೆಂಡ್ ಮಾಲು’ ಅನ್ನುತ್ತಾರೆ. ನನ್ನ ಗೆಳೆಯ ‘ಕಾನ್ಪುರದ್ದು, ಮೋಸ ಹೋಗಬೇಡ’ ಅನ್ನುತ್ತಾನೆ. ನಿಜವಾಗಿ ಮಾಡಿದವರು ಯಾರು ಅಂತ ಪತ್ತೆ ಹಚ್ಚುವುದು ಹೇಗೆ?

ಇಬ್ಬರೂ ಬಿಲ್ಲೆ ನೋಡಿ ಮಾತಾಡುತ್ತಿದ್ದಾರೆ. ಬಿಲ್ಲೆ ಹೇಳುವುದು ಮಾರಿದವರ ಹೆಸರನ್ನು, ಅಷ್ಟೆ. ಅಂಗಡಿಯವರು ಅಥವಾ ಬ್ರ್ಯಾಂಡಿನವರು ಒಂದು ಕಾರ್ಖಾನೆಗೆ ಆರ್ಡರ್ ಕೊಡುತ್ತಾರೆ. ಕಾರ್ಖಾನೆ ಜೀನು ಹೊಲಿದು, ಅವರು ಹೇಳಿದ ಹೆಸರು ಒತ್ತಿ ಕಳಿಸುತ್ತದೆ. ಅದೇ ಕಾರ್ಖಾನೆ ಇನ್ನೊಬ್ಬರಿಗೆ ಇನ್ನೊಂದು ಹೆಸರು ಒತ್ತುತ್ತದೆ. ನಮ್ಮ ಕಡೆಯವರಿಗೆ ಇದು ಹೊಸದಲ್ಲ. ಅಥಣಿಯಲ್ಲಿ ಹೊಲಿದ ಚಪ್ಪಲಿ ಎಷ್ಟೋ ವರ್ಷ ಕೊಲ್ಹಾಪುರದ ಹೆಸರಲ್ಲೇ ಮಾರಾಟವಾಯಿತು. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಾಗ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಅದರಲ್ಲಿ ಸೇರಿದವು. ಜೀನಿನಲ್ಲಿ ಗೋಜಲು ಇನ್ನೂ ಜಾಸ್ತಿ. ಬ್ರ್ಯಾಂಡಿನವರು ಕೆಲವು ವರ್ಷಕ್ಕೊಮ್ಮೆ ಕಾರ್ಖಾನೆ ಬದಲಿಸುತ್ತಾರೆ. ಹಾಗಾಗಿ ‘ಈ ಬ್ರ್ಯಾಂಡ್ ಮಾಡುವವರು ಯಾರು’ ಅಂತ ಕೇಳಿದರೆ ಸಾಲದು. ಯಾವ ಕಾಲದ ಜೀನು ಅನ್ನುವುದೂ ಬೇಕು.

ಎಲ್ಲರೂ ಹೀಗೆ ಹೊರಗೆ ಮಾಡಿಸುತ್ತಾರೆ ಅಂತಲ್ಲ. ಹೆರ್ಮೆಸ್ ಅನ್ನುವ ಫ್ರೆಂಚ್ ಕಂಪನಿ 1837ರಲ್ಲಿ ಪ್ಯಾರಿಸಿನಲ್ಲಿ ಶುರುವಾದದ್ದೇ ಕುದುರೆ ಸರಂಜಾಮಿನ ಅಂಗಡಿಯಾಗಿ. ಇವತ್ತಿಗೂ ಅವರ ಜೀನು ಅವರದೇ ಕಾರ್ಯಾಗಾರದಲ್ಲಿ ಆಗುತ್ತದೆ. ಇಂಗ್ಲೆಂಡಿನಲ್ಲಿ ಈ ಕಸುಬಿನ ಊರು ವಾಲ್ಸಾಲ್. ಆ ಊರಿನ ಫುಟ್‌ಬಾಲ್ ತಂಡಕ್ಕೂ ‘ಸ್ಯಾಡ್ಲರ್ಸ್’ (ಜೀನು ಮಾಡುವವರು) ಅಂತಲೇ ಅಡ್ಡಹೆಸರು. ನಮ್ಮಲ್ಲಿ ಉತ್ತರ ಪ್ರದೇಶದ ಕಾನ್ಪುರ. ಬ್ರಿಟಿಷರ ಕಾಲದಲ್ಲೇ ಸೈನ್ಯಕ್ಕೆ ಜೀನು, ಸರಂಜಾಮು ಹೊಲಿದುಕೊಟ್ಟ ಊರದು. ಈಗ ಹೊರದೇಶದ ಎಷ್ಟೋ ಹೆಸರುಗಳಿಗೆ ಹೊಲಿಯುತ್ತದೆ.

ಈಗ ಜೀನನ್ನು ಬಿಸಿಲಿಗೆ ತನ್ನಿ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಒತ್ತಿದ ಅಕ್ಷರ ಕಾಣುವುದಿಲ್ಲ. ಮೇಲಿನ ಫ್ಲಾಪ್ (ಸವಾರರ ಕಾಲಿಗೆ ತಾಗುವ ಚರ್ಮದ ಹಾಳೆ) ಎತ್ತಿ. ಒಳಗೆ ಇನ್ನೊಂದು ತೆಳ್ಳನೆಯ ಫ್ಲಾಪ್ ಇರುತ್ತದೆ, ಕುದುರೆಯ ಬೆವರಿಗೆ ತಾಗುವಂಥದ್ದು. ಗರ್ತ್ (ಕುದುರೆಯ ಹೊಟ್ಟೆಯ ಕೆಳಗೆ ಬಿಗಿಯುವ ಪಟ್ಟಿ) ಕಟ್ಟುವ ಪಟ್ಟಿಗಳ ಪಕ್ಕದಲ್ಲಿ, ಅವುಗಳ ಬುಡದಲ್ಲಿ ನೋಡಿ. ರಿಕಾಪಿನ, ಅಂದರೆ ಸವಾರರು ಕಾಲಿಡುವ ಬಳೆಯ, ಪಟ್ಟಿ ಸಿಕ್ಕಿಸುವ ಬಾರ್ ಮುಚ್ಚುವ ಚಿಕ್ಕ ಚರ್ಮದ ಅಡಿಯಲ್ಲೂ ಬೆರಳಾಡಿಸಿ. ಒಂದು ನಂಬರ್ ಸಿಗುತ್ತದೆ. 17 ಅಥವಾ 17.5 ಅಂತಿದ್ದರೆ ಅದು ಸಾಮಾನ್ಯವಾಗಿ ಸೀಟಿನ ಇಂಚಿನ ಅಳತೆ. ಪಕ್ಕದ ಎನ್, ಎಂ, ಡಬ್ಲ್ಯೂ (ಕಿರಿದು, ಮಧ್ಯಮ, ಅಗಲ) ಟ್ರೀ, ಅಂದರೆ ಜೀನಿನ ಒಳಗಿನ ಗಟ್ಟಿ ಚೌಕಟ್ಟು, ಎಷ್ಟು ಅಗಲ ಅಂತ ಹೇಳುತ್ತದೆ. ಉಳಿದ ಅಂಕಿಗಳು ಕಾರ್ಖಾನೆಯ ಲೆಕ್ಕ. ಅದನ್ನು ಊಹೆಯ ಮೇಲೆ ಬಿಡಿಸಲು ಹೋಗಬೇಡಿ, ಸುಮ್ನೆ ಬರೆದಿಟ್ಟುಕೊಳ್ಳಿ.

ದೇಶದ ಹೆಸರನ್ನು ಹುಡುಕುವಾಗ ಕತ್ತರಿಸಿದ ಲೇಬಲ್ಲಿನ ಗುರುತನ್ನೂ ಹುಡುಕಿ. ಅಮೆರಿಕದ 1930ರ ಸುಂಕ ಕಾಯ್ದೆಯ ಪ್ರಕಾರ ಆಮದು ಸರಕಿನ ಮೇಲೆ ತಯಾರಾದ ದೇಶದ ಹೆಸರಿರಬೇಕು. ಆ ಮಾರುಕಟ್ಟೆಗೆ ಮಾಡಿದ ಜೀನಿನಲ್ಲಿ ಒಂದು ಚಿಕ್ಕ ಬಟ್ಟೆಯ ಚೂರನ್ನು ಹೊಲಿಗೆಯಲ್ಲಿ ಸೇರಿಸಿರುವುದುಂಟು. ಬ್ಲೇಡಿನಿಂದ ಅದನ್ನು ತೆಗೆದವರು ಬುಡದಲ್ಲಿ ಒಂದೆರಡು ಎಳೆ ಬಿಟ್ಟಿರುತ್ತಾರೆ. ಅಂಥ ಎಳೆ ಕಂಡರೆ, ಯಾಕೆ ಕಿತ್ತದ್ದು ಅಂತ ಮಾರುವವರನ್ನು ನೇರವಾಗಿ ಕೇಳಿ.

ಜನ ಎಡವುವುದು ಬಿಡಿಭಾಗದ ಮೇಲಿನ ಮುದ್ರೆ ನೋಡಿ. ರಿಕಾಪಿನ ಉಕ್ಕಿನ ಬಾರ್ ಮೇಲೆ ‘ಇಂಗ್ಲೆಂಡ್’ ಅಂತಿದ್ದರೆ ಅದು ಆ ಬಾರ್ ಮಾಡಿದವರ ಮುದ್ರೆ. ಟ್ರೀ ಮೇಲಿನ ಚೀಟಿ ಟ್ರೀ ಮಾಡಿದವರದು. ಎಷ್ಟೋ ಜೀನು ಹೊಲಿಯುವವರು ಟ್ರೀಯನ್ನು ಬೇರೆಯವರಿಂದ ತರಿಸುತ್ತಾರೆ, ಬಾರನ್ನು ಇನ್ನೊಬ್ಬರಿಂದ. ಒಂದು ಮುದ್ರೆ ಹಿಡಿದು ಇಡೀ ಜೀನಿಗೆ ಜಾತಕ ಬರೆಯಬೇಡಿ.

ನನ್ನ ನಂಬಿಕೆ ಜಾಸ್ತಿ ಇರುವುದು ಜೋಡಿ ಹುಡುಕುವುದರಲ್ಲಿ. ಜೀನನ್ನು ತಲೆಕೆಳಗು ಮಾಡಿ ಕೆಳಗಿನ ಪ್ಯಾನೆಲ್‌ಗಳ (ಕುದುರೆಯ ಬೆನ್ನಿಗೆ ಕೂರುವ ಮೆತ್ತೆಗಳ) ಫೋಟೊ ತೆಗೆಯಿರಿ. ನಡುವಿನ ಕಾಲುವೆ ಎಷ್ಟು ಅಗಲ, ಹಿಂದಿನ ತುದಿ ಹೇಗೆ ಮುಗಿಯುತ್ತದೆ, ಗರ್ತ್ ಪಟ್ಟಿಗಳು ಎಲ್ಲಿಂದ ಇಳಿಯುತ್ತವೆ, ಡಿ ಆಕಾರದ ಉಂಗುರ ಹೇಗೆ ಕೂತಿದೆ, ನಂಬರನ್ನು ಯಾವ ಜಾಗದಲ್ಲಿ ಯಾವ ಥರದ ಅಕ್ಷರದಲ್ಲಿ ಒತ್ತಿದ್ದಾರೆ. ಇವೆಲ್ಲ ಇನ್ನೊಂದು ಹೆಸರಿನ ಜೀನಿನಲ್ಲೂ ಒಂದಕ್ಕೊಂದು ಹೊಂದಿದರೆ ಎರಡೂ ಒಂದೇ ಕಡೆ ಆಗಿರುವ ಸಾಧ್ಯತೆ ಬಹಳ. ಬ್ರ್ಯಾಂಡಿನವರು ಬಣ್ಣ, ಬಿಲ್ಲೆ, ಮೇಲಿನ ಹೊಲಿಗೆಯ ಅಂದ ಬದಲಿಸುತ್ತಾರೆ. ತಳದ ಕೆಲಸಕ್ಕೆ ಅಷ್ಟಾಗಿ ಯಾರೂ ಕೈ ಹಾಕುವುದಿಲ್ಲ.

ಆಮೇಲೆ ಕಾಗದ. ಭಾರತದ ಟ್ರೇಡ್‌ಮಾರ್ಕ್ ನೋಂದಣಿಯಲ್ಲಿ ಯಾರು ಬೇಕಾದರೂ ಹೆಸರು ಹಾಕಿ ಹುಡುಕಬಹುದು. ಜೀನು, ಚರ್ಮದ ಸಾಮಾನು 18ನೇ ವರ್ಗದಲ್ಲಿ ಬರುತ್ತವೆ. ಅಲ್ಲಿ ಸಿಗುವುದು ಹೆಸರಿನ ಒಡೆಯ. ಮಾಡಿದವರು ಸಿಗಬೇಕಾದರೆ ಸಾಗಣೆಯ ದಾಖಲೆ ನೋಡಬೇಕು. ಅಮೆರಿಕಕ್ಕೆ ಹಡಗಿನಲ್ಲಿ ಹೋಗುವ ಸರಕಿನ ಪಟ್ಟಿ ಅಲ್ಲಿ ಸಾರ್ವಜನಿಕ. ಕಳಿಸಿದವರು ಯಾರು, ತರಿಸಿಕೊಂಡವರು ಯಾರು ಎರಡೂ ಇರುತ್ತವೆ. ಬ್ರ್ಯಾಂಡ್ ಒಡೆಯರ ಕಂಪನಿಯ ಹೆಸರು ಹಾಕಿ, ಜೀನು ಮತ್ತು ಸರಂಜಾಮಿನ ಸುಂಕದ ಸಂಖ್ಯೆ 4201 ಜೊತೆಗಿಟ್ಟು ಹುಡುಕಿ. ಮೂರು ಎಚ್ಚರ. ವಿಮಾನದಲ್ಲಿ ಹೋದ ಸರಕು ಅದರಲ್ಲಿ ಇರುವುದಿಲ್ಲ, ಕೇಳಿಕೊಂಡ ಆಮದುದಾರರ ಹೆಸರನ್ನು ಮರೆಮಾಡುತ್ತಾರೆ. ಕಳಿಸಿದವರು ಅಂತ ಕಾಣುವ ಹೆಸರು ಬರೀ ದಲ್ಲಾಳಿಯದೂ ಆಗಿರಬಹುದು.

ಹೊಸ ಜೀನಾದರೆ ಇಷ್ಟು ಸುತ್ತಬೇಕಿಲ್ಲ. ಪ್ಯಾಕ್ ಮಾಡಿ ಮಾರುವ ಸರಕಿನ ಮೇಲೆ ತಯಾರಕರ, ಪ್ಯಾಕ್ ಮಾಡಿದವರ ಅಥವಾ ಆಮದು ಮಾಡಿದವರ ಹೆಸರು, ವಿಳಾಸ ಇರಬೇಕು ಅಂತ 2011ರ ಪ್ಯಾಕೇಜ್ ನಿಯಮಗಳಲ್ಲೇ ಇದೆ. ಡಬ್ಬಿ ಎಸೆಯುವ ಮೊದಲು ಆ ಚೀಟಿ ಓದಿ. ಬಿಲ್ಲಿನ ಜಿಎಸ್‌ಟಿ ನಂಬರಿನ ಮೊದಲ ಎರಡು ಅಂಕಿ ರಾಜ್ಯದ್ದು. ಕರ್ನಾಟಕಕ್ಕೆ 29, ಉತ್ತರ ಪ್ರದೇಶಕ್ಕೆ 09. ‘ನೇರ ಇಂಗ್ಲೆಂಡಿನಿಂದ ತರಿಸಿದ್ದು’ ಅನ್ನುವವರ ಹತ್ತಿರ ಅವರು ಕೊಂಡ ಬಿಲ್ ಕೇಳಿ. ಅದರಲ್ಲಿ ಇವರಿಗೆ ಮಾರಿದವರ ನಂಬರ್ 09ರಿಂದ ಶುರುವಾದರೆ ಆ ಮಾತು ಅಲ್ಲಿಗೇ ಮುಗಿಯಿತು.

ಇನ್ನೊಂದು ವಿಷಯ ಎಷ್ಟೋ ಜನರಿಗೆ ಗೊತ್ತೇ ಇಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ, ಬೇರೆಯವರು ಮಾಡಿದ ಸರಕಿನ ಮೇಲೆ ತನ್ನ ಗುರುತು ಹಾಕಿದವರೂ ತಯಾರಕರೇ. ಹಾಗಾಗಿ ಅಂಗಡಿಯಿಂದ ಕೊಂಡ ಹೊಸ ಜೀನಿನ ಟ್ರೀ ಮುರಿದರೆ, ‘ನಾವು ಮಾಡಿದ್ದಲ್ಲ, ಕಾರ್ಖಾನೆಯವರನ್ನು ಕೇಳಿ’ ಅಂತ ಬ್ರ್ಯಾಂಡಿನವರು ಕೈ ತೊಳೆದುಕೊಳ್ಳುವಂತಿಲ್ಲ. ದೂರನ್ನು ನೀವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ಕೊಡಬಹುದು. ನಿಜವಾಗಿ ಮಾಡಿದವರ ಹೆಸರು ನಿಮಗೆ ಬೇಕಾಗುವುದು ಅದೇ ಅಳತೆಯ ಪಟ್ಟಿ, ಪ್ಯಾನೆಲ್ ಮತ್ತೆ ತರಿಸಲು. ಮತ್ತೆ, ಕೊಡುತ್ತಿರುವ ಬೆಲೆ ಸರಿಯೇ ಅಂತ ನೋಡಲು.

ಸಪ್ತಾಪುರದವರೇ, ಇದೆಲ್ಲ ಮಾಡುವ ಮೊದಲು ಟ್ರೀ ಪರೀಕ್ಷಿಸಿ. ಜೀನಿನ ಮುಂಭಾಗವನ್ನು ಹೊಟ್ಟೆಗೆ ಆನಿಸಿ, ಹಿಂಭಾಗವನ್ನು ಎರಡೂ ಕೈಲಿ ಹಿಡಿದು ನಿಮ್ಮ ಕಡೆ ಎಳೆಯಿರಿ. ಸ್ಪ್ರಿಂಗ್ ಟ್ರೀ (ಬಾಗುವ ಉಕ್ಕಿನ ಪಟ್ಟಿ ಇರುವಂಥದ್ದು) ಆದರೆ ಸ್ವಲ್ಪ ಬಾಗಿ ವಾಪಸ್ ಬರುತ್ತದೆ. ಕರಕರ ಅಂದರೆ, ಸೀಟಿನ ನಡುವೆ ಅಡ್ಡಕ್ಕೆ ಆಳವಾದ ಸುಕ್ಕು ಬಿದ್ದರೆ, ಒಂದೇ ಮಗ್ಗುಲಿಗೆ ತಿರುಚಿದರೆ ಮುಟ್ಟಬೇಡಿ. ಮುಂದಿನ ಎರಡು ತುದಿಗಳನ್ನು ಒಳಕ್ಕೂ ಹೊರಕ್ಕೂ ಒತ್ತಿ ನೋಡಿ. ಅವು ಅಲುಗಬಾರದು. ಮುರಿದ ಟ್ರೀ ಕುದುರೆಯ ಬೆನ್ನು ತಿನ್ನುತ್ತದೆ. ಅದು ವಾಲ್ಸಾಲಿನದಾದರೇನು, ಕಾನ್ಪುರದ್ದಾದರೇನು?

ರಾಣೆಬೆನ್ನೂರಿನಿಂದ: ಚರ್ಮದ ವಾಸನೆ ನೋಡಿ ಯಾವ ದೇಶದ ಜೀನು ಅಂತ ಹೇಳುವವರು ಇಲ್ಲೊಬ್ಬರಿದ್ದಾರೆ. ಐನೂರು ರೂಪಾಯಿ ಕೇಳುತ್ತಾರೆ. ತೋರಿಸಲೇ?

ಕೊಡಬೇಡಿ. ಬಳಸಿದ ಜೀನಿನ ಚರ್ಮ ಹೋದ ವಾರ ಹಚ್ಚಿದ ಎಣ್ಣೆ, ಸೋಪಿನ ವಾಸನೆ ಹೊಡೆಯುತ್ತದೆ. ತೊಗಲು ಒಂದು ದೇಶದ್ದು, ಹದ ಮಾಡಿದ್ದು ಇನ್ನೊಂದು ದೇಶದಲ್ಲಿ, ಹೊಲಿದದ್ದು ಮತ್ತೊಂದರಲ್ಲಿ ಆಗಿರಬಹುದು. ಮೂಗಿಗೆ ಅದು ಹೇಗೆ ಗೊತ್ತಾಗಬೇಕು? ಹೀಗೆ ದುಡ್ಡು ಕೀಳುವವರು ಮಾರುವವರ ಕಡೆಯವರೇ ಆಗಿರುವುದನ್ನೂ ನೋಡಿದ್ದೇನೆ.

ಹುಬ್ಬಳ್ಳಿ ಕೇಶ್ವಾಪುರದಿಂದ: ಕಾನ್ಪುರದ ಜೀನು ಅಂದರೆ ಕಳಪೆ ಅಲ್ವಾ?

ಅಲ್ಲ. ಕಡಿಮೆ ದುಡ್ಡಿನ ಆರ್ಡರ್ ಕೊಟ್ಟವರಿಗೆ ಕಡಿಮೆ ದುಡ್ಡಿನ ಜೀನು ಬರುತ್ತದೆ, ಒಳ್ಳೆ ಬೆಲೆ ಕೊಟ್ಟವರಿಗೆ ಅಲ್ಲಿಂದಲೇ ಒಳ್ಳೆಯದೂ ಬರುತ್ತದೆ. ಈ ಮಾತನ್ನು ದಯವಿಟ್ಟು ಮತ್ತೆ ಕೇಳಬೇಡಿ. ಒಳ್ಳೆ ಕೆಲಸಗಾರರಿಗೆ ಅವಮಾನ.

ಗದಗ ಬೆಟಗೇರಿಯಿಂದ: ಆನ್‌ಲೈನಿನಲ್ಲಿ ಬ್ರ್ಯಾಂಡೆಡ್ ಜೀನು ತರಿಸಿದೆವು. ಕುದುರೆಯ ಹೆಗಲ ಮೇಲೆ ಬಾವು ಬಂದಿದೆ. ಇನ್ನೊಂದು ದಪ್ಪ ಖೋಗೀರು ಹಾಕಿ, ಅರಿಶಿನ ಎಣ್ಣೆ ಹಚ್ಚಿ ಅಂತ ಪರಿಚಯದವರು ಹೇಳಿದರು.

ಜೀನು ಇವತ್ತೇ ಇಳಿಸಿ, ಸವಾರಿ ನಿಲ್ಲಿಸಿ, ಪಶು ವೈದ್ಯರನ್ನು ಕರೆಸಿ. ಬಿಗಿಯಾದ ಜೀನಿನ ಕೆಳಗೆ ದಪ್ಪ ಖೋಗೀರು ಹಾಕಿದರೆ ಇನ್ನೂ ಬಿಗಿಯಾಗುತ್ತದೆ. ಬಿಗಿ ಬೂಟಿನೊಳಗೆ ಇನ್ನೊಂದು ಕಾಲುಚೀಲ ಹಾಕಿದರೆ ಸಡಿಲ ಆಗುತ್ತದೆಯೇ? ಇಂಥ ಸಲಹೆ ಕೊಡುವವರ ಮೇಲೆ ನನಗೆ ನಿಜವಾಗಿ ಸಿಟ್ಟಿದೆ. ನೋವು ತಿನ್ನುವುದು ಮಾತು ಬಾರದ ಪ್ರಾಣಿ.

ಹಾವೇರಿಯಿಂದ: ನನ್ನ ಜೀನಿನ ಬಿಲ್ಲೆ ಬಿದ್ದುಹೋಗಿದೆ. ಮಾರುವ ಮೊದಲು ಹೊಸ ಬಿಲ್ಲೆ ಹೊಡೆಸಲೇ?

ಬೇಡ. ಕೊಳ್ಳುವವರಿಗೆ ಬಿಲ್ಲೆ ಬಿದ್ದಿದೆ ಅಂತ ಹೇಳಿ, ಫ್ಲಾಪ್ ಎತ್ತಿ ಒಳಗಿನ ನಂಬರ್ ತೋರಿಸಿ. ಟ್ರೀ ಗಟ್ಟಿಯಿದ್ದು, ಪಟ್ಟಿಗಳಲ್ಲಿ ಬಿರುಕು ಇಲ್ಲದಿದ್ದರೆ ತಿಳಿದವರು ಸರಿಯಾದ ಬೆಲೆಯನ್ನೇ ಕೊಡುತ್ತಾರೆ.